ತೇಲಿದರೆ ಸಾಲದು, ನೆಟ್ಟಗೆ ತೇಲಬೇಕು

2019ರ ಜನವರಿ 21. ಕಾರವಾರದ ಎದುರಿಗಿರುವ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ ನಡೆಯುವ ಈ ಜಾತ್ರೆಗೆ ದೋಣಿಯಲ್ಲೇ ಹೋಗಬೇಕು, ದೋಣಿಯಲ್ಲೇ ಬರಬೇಕು. ದೇವರ ದರ್ಶನ ಮುಗಿಸಿ ದಡದತ್ತ ಹೊರಟಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿತು. 16 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಹಲವರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ ಎಂದು ಆಗ ವರದಿಯಾಯಿತು.

ಇಂಥ ಪ್ರತಿ ದುರಂತದ ಮರುದಿನ ದೋಣಿ ಮುಳುಗಿ ಇಷ್ಟು ಸಾವು ಎಂಬ ತಲೆಬರಹ ಬರುತ್ತದೆ. ಅಧಿಕಾರಿಗಳು ಸ್ಥಳಕ್ಕೆ ಧಾವಿಸುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ಕೆಲವು ದಿನ ದೋಣಿ ವಿಹಾರ ನಿಲ್ಲುತ್ತದೆ. ಆದರೆ ಈ ಅವಘಡಗಳ ಪೈಕಿ ಹೆಚ್ಚಿನವುಗಳಲ್ಲಿ ದೋಣಿ ಭಾರ ತಾಳದೆ ತಳ ಸೇರಿದ್ದಲ್ಲ, ಮೊದಲು ಮಗುಚಿದ್ದು. ಮರದ ದೋಣಿ ಹೊಟ್ಟೆ ಮೇಲಾಗಿ ತೇಲುತ್ತಲೇ ಇರಬಹುದು; ಅದರಲ್ಲಿದ್ದವರು ಮಾತ್ರ ನೀರಿನಡಿ ಇರುತ್ತಾರೆ. ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. ಮೊದಲನೆಯದನ್ನು ಶಾಲೆಯಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಜನ ಸಾಯುತ್ತಿರುವುದು ಎರಡನೆಯದು ತಪ್ಪಿದಾಗ. ಅದನ್ನೂ ಕಲಿಸಬೇಕು, ದೋಣಿಗೆ ಪರವಾನಗಿ ಕೊಡುವವರು ಅದನ್ನು ದಡದಲ್ಲೇ ಪರೀಕ್ಷಿಸಿ ನೋಡಬೇಕು ಎಂಬುದು ಈ ಬರಹದ ವಾದ.

ಮೊದಲ ಪಾಠ ಸರಳವಾದದ್ದು. ನೀರಿಗಿಳಿದ ವಸ್ತು ತನ್ನ ಜಾಗಕ್ಕಾಗಿ ಒಂದಷ್ಟು ನೀರನ್ನು ಸರಿಸುತ್ತದೆ. ಸರಿದ ನೀರಿನ ತೂಕ ಎಷ್ಟೋ ಅಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಒಂದು ಲೀಟರ್ ಜಾಗ ಹಿಡಿಯುವ ಕಬ್ಬಿಣದ ಗಟ್ಟಿ ಸುಮಾರು 7.9 ಕಿಲೋ ತೂಗುತ್ತದೆ, ಸರಿಸುವುದು ಒಂದೇ ಕಿಲೋ ನೀರನ್ನು. ಹಾಗಾಗಿ ಮುಳುಗುತ್ತದೆ. ಅಷ್ಟೇ ಗಾತ್ರದ ಒಣ ತೇಗದ ತುಂಡು 650 ಗ್ರಾಂ ಆಸುಪಾಸು. ಮೂರನೇ ಎರಡು ಭಾಗ ನೀರಿಗಿಳಿಯುವಷ್ಟರಲ್ಲಿ ಅದರ ತೂಕಕ್ಕೆ ಸಮನಾದ ನೀರು ಸರಿದಿರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಮರವೆಂದರೆ ತೇಲಲೇಬೇಕೆಂದಿಲ್ಲ, ಕಲ್ಲೆಂದರೆ ಮುಳುಗಲೇಬೇಕೆಂದಿಲ್ಲ. ಕರಿಮರ ಮುಳುಗುತ್ತದೆ, ಜ್ವಾಲಾಮುಖಿಯಿಂದ ಬರುವ, ಮೈತುಂಬ ಗಾಳಿಗೂಡುಗಳಿರುವ ಪ್ಯೂಮಿಸ್ ಕಲ್ಲು ತೇಲುತ್ತದೆ. ಉಕ್ಕಿನ ಹಡಗು ತೇಲುವುದಕ್ಕೂ ಕಾರಣ ಇದೇ. ಹಡಗೆಂದರೆ ಬರೀ ಉಕ್ಕಲ್ಲ, ಉಕ್ಕಿನ ಗೋಡೆಯೊಳಗೆ ಹಿಡಿದಿಟ್ಟ ಗಾಳಿಯೂ ಸೇರಿ ಹಡಗು.

ಈ ಲೆಕ್ಕ ಕರ್ನಾಟಕದ ಹೊಲ ತೋಟಗಳಲ್ಲಿ ಪುಸ್ತಕವಿಲ್ಲದೆಯೇ ಚಲಾವಣೆಯಲ್ಲಿದೆ. ಭತ್ತದ ಬಿತ್ತನೆ ಬೀಜ ಆಯುವುದನ್ನೇ ನೋಡಬಹುದು. ಸಿಹಿನೀರಿಗೆ ಸುರಿದರೆ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ, ಅರೆಬಲಿತ ಕಾಳು ಗಟ್ಟಿ ಕಾಳಿನ ಜೊತೆಗೇ ತಳಕ್ಕಿಳಿಯುತ್ತದೆ. ಅದಕ್ಕೇ ಉಪ್ಪು ಬೇಕು. ಬಕೆಟ್ ನೀರಿಗೆ ಒಂದು ತಾಜಾ ಕೋಳಿಮೊಟ್ಟೆ ಬಿಟ್ಟು, ಉಪ್ಪು ಹಾಕುತ್ತಾ ಕಲಕುತ್ತಾ ಹೋಗಬೇಕು. ಮೊದಲು ತಳದಲ್ಲಿ ಮಲಗಿದ್ದ ಮೊಟ್ಟೆ ನೀರು ದಪ್ಪವಾದಂತೆ ನಿಧಾನಕ್ಕೆ ಎದ್ದು ಬರುತ್ತದೆ. ಅದರ ನೆತ್ತಿ ನಾಣ್ಯದಗಲ ಮೇಲೆ ಕಂಡಾಗ ಉಪ್ಪು ಸಾಕು. ಮೊಟ್ಟೆ ತೆಗೆದು ಭತ್ತ ಸುರಿದರೆ ಜೊಳ್ಳೂ ಅರೆಕಾಳೂ ಮೇಲೆ ಬರುತ್ತವೆ, ತುಂಬಿದ ಕಾಳು ಕೆಳಗುಳಿಯುತ್ತದೆ. ತೇಲಿದ್ದನ್ನು ಬಳಿದು ಹಾಕಿ, ಉಳಿದದ್ದನ್ನು ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದರೆ ಬಿತ್ತನೆಗೆ ಸಿದ್ಧ. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಹಣ್ಣನ್ನು ಪಲ್ಪರ್‌ಗೆ ಬಿಡುವ ಮೊದಲು ನೀರಿನ ತೊಟ್ಟಿಯಲ್ಲಿ ಹಗುರ ಹಣ್ಣನ್ನು ಬೇರ್ಪಡಿಸುವುದೂ, ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವುದೂ ಇದೇ ತತ್ವದ ಮೇಲೆ.

ಅಂದರೆ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂಬ ತಿಳಿವಳಿಕೆಗೆ ಇಲ್ಲಿ ಬರವಿಲ್ಲ. ಬರವಿರುವುದು ಅದರ ಮುಂದಿನ ಅಧ್ಯಾಯಕ್ಕೆ.

ಆ ಅಧ್ಯಾಯವನ್ನು ಬರೆದವನೂ ಆರ್ಕಿಮಿಡೀಸನೇ ಎಂಬುದು ಹೆಚ್ಚಿನವರಿಗೆ ತಿಳಿಯದು. ಅವನೆಂದರೆ ಎಲ್ಲರಿಗೂ ನೆನಪಾಗುವುದು ರಾಜನ ಕಿರೀಟ, ಸ್ನಾನದ ತೊಟ್ಟಿ, ಬೀದಿಯಲ್ಲಿ ಓಡಿದ ಕಥೆ. ಆ ಕಥೆಯನ್ನು ಬರೆದಿಟ್ಟವನು ಆರ್ಕಿಮಿಡೀಸನಿಗಿಂತ ಸುಮಾರು ಇನ್ನೂರು ವರ್ಷ ಈಚಿನ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿರಕ್ಯೂಸ್ ನಗರದಲ್ಲಿದ್ದ ಆರ್ಕಿಮಿಡೀಸ್ ತೇಲುವ ವಸ್ತುಗಳ ಬಗ್ಗೆ ತಾನೇ ಬರೆದ ಗ್ರಂಥದಲ್ಲಿ ಕಿರೀಟವೂ ಇಲ್ಲ, ತೊಟ್ಟಿಯೂ ಇಲ್ಲ. ಗ್ರಂಥ ಎರಡು ಭಾಗಗಳದ್ದು. ಮೊದಲ ಭಾಗದಲ್ಲಿ ಇಂದು ಅವನ ಹೆಸರಿನಲ್ಲಿರುವ ನಿಯಮ ಬರುತ್ತದೆ. ಎರಡನೆಯ ಭಾಗದಲ್ಲಿ ಅವನು ಕೇಳಿಕೊಂಡ ಪ್ರಶ್ನೆ ಇನ್ನೂ ಕಠಿಣ: ತೇಲುತ್ತಿರುವ ವಸ್ತುವನ್ನು ತುಸು ವಾಲಿಸಿ ಬಿಟ್ಟರೆ ಅದು ಮತ್ತೆ ನೆಟ್ಟಗಾಗುತ್ತದೆಯೋ, ಮಗ್ಗುಲಿಗೆ ಹೊರಳುತ್ತದೆಯೋ? ದುಂಡು ತಳದ, ದೋಣಿಯ ಹೊಟ್ಟೆಯನ್ನು ನೆನಪಿಸುವ ಆಕಾರವೊಂದನ್ನು ಹಿಡಿದು, ಅದು ಎಷ್ಟು ಎತ್ತರವಿದ್ದರೆ, ಎಷ್ಟು ಸಾಂದ್ರವಾಗಿದ್ದರೆ ನೆಟ್ಟಗೆ ನಿಲ್ಲುತ್ತದೆ ಎಂದು ಶುದ್ಧ ರೇಖಾಗಣಿತದಿಂದ ಸಾಧಿಸಿದ.

ಈ ಗ್ರಂಥದ ಗ್ರೀಕ್ ಮೂಲ ಕಳೆದುಹೋಗಿತ್ತು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್, ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಹಳೆಯ ಪ್ರಾರ್ಥನಾ ಪುಸ್ತಕವೊಂದರ ಚರ್ಮದ ಹಾಳೆಗಳಲ್ಲಿ, ಕೆರೆದು ಅಳಿಸಿದ್ದ ಅಕ್ಷರಗಳ ಮಸುಕು ಗುರುತುಗಳಿಂದ ಅದನ್ನು ಓದಿ ತೆಗೆದ. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ತಿಳಿವಳಿಕೆಯ ಅರ್ಧವನ್ನಷ್ಟೇ ಮಕ್ಕಳಿಗೆ ದಾಟಿಸುತ್ತಿದ್ದೇವೆ.

ಒಂದು ಸಣ್ಣ ಲೆಕ್ಕ ಮಾಡಿದರೆ ಉಳಿದರ್ಧ ಏಕೆ ಬೇಕು ಎಂಬುದು ತಿಳಿಯುತ್ತದೆ. ಜಲಾಶಯವೊಂದರಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ, 8 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ದೋಣಿ ಇದೆ ಎನ್ನಿ. ಮೂತಿ ಚೂಪಾಗಿರುವುದರಿಂದ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ಸುಮಾರು 16 ಚದರ ಮೀಟರ್. ಇದು ಒಂದು ಸೆಂಟಿಮೀಟರ್ ಕೆಳಗಿಳಿದರೆ 160 ಲೀಟರ್ ನೀರು ಸರಿಯುತ್ತದೆ, ಅಂದರೆ 160 ಕಿಲೋ ಭಾರಕ್ಕೆ ಆಸರೆ ಸಿಗುತ್ತದೆ. ತಲಾ 65 ಕಿಲೋದ ಹತ್ತು ಮಂದಿ ಹೆಚ್ಚಾಗಿ ಹತ್ತಿದರೂ ದೋಣಿ ಇಳಿಯುವುದು ಬರೀ ನಾಲ್ಕು ಸೆಂಟಿಮೀಟರ್. ಇಪ್ಪತ್ತು ಮಂದಿ ಹತ್ತಿದರೆ ಎಂಟು. ದೋಣಿಯ ಅಂಚು ನೀರಿನಿಂದ ಮೊಳದೆತ್ತರ ಇದ್ದೇ ಇರುತ್ತದೆ. ದಡದಲ್ಲಿ ನಿಂತವರಿಗೆ ಅದರಲ್ಲಿ ಇನ್ನೂ ಜಾಗವಿದೆ ಎಂದೇ ಕಾಣುತ್ತದೆ. ದೋಣಿ ನಡೆಸುವವನಿಗೂ ಹಾಗೇ ಕಾಣುತ್ತದೆ, ಅದರಲ್ಲಿ ಅವನ ದುರುದ್ದೇಶವೇನೂ ಇರಬೇಕಿಲ್ಲ. ಎಷ್ಟು ಇಳಿದಿದೆ ಎಂಬುದನ್ನಷ್ಟೇ ಕಣ್ಣು ನೋಡುತ್ತದೆ. ವಾಲಿದರೆ ಏನಾದೀತು ಎಂಬುದು ಕಣ್ಣಿಗೆ ಕಾಣುವುದಿಲ್ಲ.

ವಾಲಿದಾಗ ಆಗುವುದು ಇಷ್ಟು. ಬಲಕ್ಕೆ ವಾಲಿದ ದೋಣಿಯ ಬಲಮೈ ನೀರಿಗೆ ಹೆಚ್ಚು ಇಳಿಯುತ್ತದೆ, ಎಡಮೈ ಮೇಲೇಳುತ್ತದೆ. ಆದ್ದರಿಂದ ನೀರಿನ ಮೇಲ್ಮುಖ ಒತ್ತು ಬಲಕ್ಕೆ ಸರಿದು, ಆ ಬದಿಯನ್ನು ಎತ್ತಿ ದೋಣಿಯನ್ನು ನೆಟ್ಟಗಾಗಿಸಲು ನೋಡುತ್ತದೆ. ಅದೇ ಹೊತ್ತಿಗೆ ದೋಣಿ, ಎಂಜಿನ್, ಜನ ಎಲ್ಲದರ ತೂಕದ ಕೇಂದ್ರವೂ ಬಲಕ್ಕೆ ಸರಿಯುತ್ತದೆ. ಕೇಂದ್ರ ತಗ್ಗಿನಲ್ಲಿದ್ದರೆ ಸರಿಯುವುದು ಕಡಿಮೆ, ಎತ್ತರದಲ್ಲಿದ್ದರೆ ಹೆಚ್ಚು. ನೀರಿನ ಒತ್ತು ತೂಕಕ್ಕಿಂತ ಆಚೆಗೆ ಸರಿದರೆ ದೋಣಿ ಏಳುತ್ತದೆ, ತೂಕವೇ ಒತ್ತನ್ನು ದಾಟಿ ಹೋದರೆ ಮಗುಚುತ್ತದೆ. ಚೀಲ ಚೀಲ ಮರಳು ಹೇರಿದ ಗಾಡಿ ಹಳ್ಳಕೊಳ್ಳದಲ್ಲಿ ಸಲೀಸಾಗಿ ಹೋಗುತ್ತದೆ, ಅಷ್ಟೇ ತೂಕದ ಹುಲ್ಲನ್ನು ಆಳೆತ್ತರ ಹೇರಿದ ಗಾಡಿ ಒಂದು ಗಾಲಿ ಗುಂಡಿಗಿಳಿದರೂ ಉರುಳುತ್ತದೆ ಎಂಬುದನ್ನು ಕಂಡವರಿಗೆ ಇದು ಹೊಸದಲ್ಲ. ದೋಣಿಯ ಕಷ್ಟವೆಂದರೆ ಅದರ ಹೇರು ಕೂತಲ್ಲಿ ಕೂತಿರುವುದಿಲ್ಲ. ಏಳುತ್ತದೆ, ನಿಲ್ಲುತ್ತದೆ, ಫೋಟೊ ತೆಗೆಯಲು ಬಾಗುತ್ತದೆ, ಏನೋ ಕಂಡಿತೆಂದು ಒಂದೇ ಬದಿಗೆ ನುಗ್ಗುತ್ತದೆ.

ಈ ತೂಕ ಮತ್ತು ಒತ್ತಿನ ಹಗ್ಗಜಗ್ಗಾಟಕ್ಕೆ ಹಡಗು ಕಟ್ಟುವವರು ಬಳಸಬಹುದಾದ ಗಣಿತವನ್ನು ಫ್ರಾನ್ಸಿನ ಪಿಯೇರ್ ಬೂಗೇರ್ 1746ರಲ್ಲೇ ಪುಸ್ತಕ ಮಾಡಿ ಕೊಟ್ಟಿದ್ದಾನೆ. ನೀರಿನ ಮಟ್ಟದಲ್ಲಿ ದೋಣಿಯ ಅಗಲ ಎಷ್ಟು, ತೂಕ ಎಷ್ಟು ಎತ್ತರದಲ್ಲಿದೆ ಎಂಬ ಎರಡೇ ಸಂಗತಿ ಇದರಲ್ಲಿ ಮುಖ್ಯ. ಅಗಲದ ದೋಣಿ ವಾಲುವುದಕ್ಕೆ ಒಪ್ಪುವುದಿಲ್ಲ. ಎತ್ತರದ ಹೇರು ವಾಲಿದ್ದನ್ನು ಏಳಲು ಬಿಡುವುದಿಲ್ಲ.

ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ಅದು ಎರಡಂತಸ್ತಿನ ದೋಣಿ. ದಡದಲ್ಲಿ ಕಾಡುಪ್ರಾಣಿಗಳನ್ನು ನೋಡಲು ಜನ ಒಂದು ಬದಿಗೆ ಸರಿದಾಗ ವಾಲಿತು ಎಂದು ಬದುಕುಳಿದವರು ಹೇಳಿದರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿದ್ದೂ ಎರಡಂತಸ್ತಿನ ದೋಣಿಯೇ, ಮೀನುಗಾರಿಕೆಯ ದೋಣಿಯನ್ನು ವಿಹಾರಕ್ಕೆಂದು ಮಾರ್ಪಡಿಸಿದ್ದು. ಅಲ್ಲಿ 22 ಮಂದಿ ಸತ್ತರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಜೀವ ಬಿಟ್ಟರು. ಮೂರರಲ್ಲಿ ಎರಡು ಕಡೆ ಮೇಲಂತಸ್ತಿತ್ತು ಎಂಬುದನ್ನು ಗಮನಿಸಬೇಕು. ಮೀನು ದೋಣಿಯ ಸರಕು ಬಲೆ, ಮಂಜುಗಡ್ಡೆ, ಮೀನು. ಎಲ್ಲವೂ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ ಕೂರುವಂಥವು. ಅದೇ ದೋಣಿಯ ನೆತ್ತಿಯ ಮೇಲೆ ಹತ್ತಾರು ಜನರನ್ನು ನಿಲ್ಲಿಸಿದರೆ ಅದು ಬೇರೆಯದೇ ದೋಣಿ. ಹಳೆಯ ಪರವಾನಗಿ, ಹಳೆಯ ಅನುಭವ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ.

ಇಂಥ ತಪ್ಪನ್ನು ರಾಜ ಮಹಾರಾಜರೂ ಮಾಡಿದ್ದಾರೆ. ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಯುದ್ಧನೌಕೆ ವಾಸಾ 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಮೊದಲ ಯಾನಕ್ಕೆ ಹೊರಟಿತು. ಒಂದರ ಮೇಲೊಂದು ಎರಡು ಫಿರಂಗಿ ಅಂತಸ್ತು, 64 ಫಿರಂಗಿ, ಮೈತುಂಬ ಕೆತ್ತನೆ. ತಳದಲ್ಲಿ ಭಾರಕ್ಕೆಂದು ಕಲ್ಲು ತುಂಬಿದ್ದರೂ ಮೇಲಿನ ತೂಕಕ್ಕೆ ಅದು ಸಾಟಿಯಾಗಿರಲಿಲ್ಲ. ಹೊರಟು ಸುಮಾರು 1300 ಮೀಟರ್ ದಾಟುವಷ್ಟರಲ್ಲಿ ಬೀಸಿದ ಗಾಳಿಗೆ ವಾಲಿತು. ಫಿರಂಗಿಗಳ ಬಾಯಿಗೆಂದು ತೆರೆದಿಟ್ಟಿದ್ದ ಕೆಳಸಾಲಿನ ಕಿಂಡಿಗಳು ನೀರಿನ ಮಟ್ಟಕ್ಕೆ ಇಳಿದವು, ನೀರು ಒಳನುಗ್ಗಿತು, ಊರ ಜನ ದಡದಲ್ಲಿ ನಿಂತು ನೋಡುತ್ತಿರುವಂತೆಯೇ ಹಡಗು ತಳ ಸೇರಿತು. ಸುಮಾರು 30 ಮಂದಿ ಸತ್ತರು.

ಹೆಚ್ಚು ನೋವಾಗುವುದು ಅದರ ಹಿಂದಿನ ಸಂಗತಿ ತಿಳಿದಾಗ. ಯಾನಕ್ಕೆ ಮುನ್ನ ಹಡಗಿನ ಮೇಲೆ 30 ಆಳುಗಳನ್ನು ಈ ಬದಿಯಿಂದ ಆ ಬದಿಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಮೂರನೇ ಓಟಕ್ಕೆ ಹಡಗು ಎಷ್ಟು ತೂಗಾಡಿತೆಂದರೆ, ನೌಕಾಧಿಪತಿ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟ. ದೊರೆ ಯುದ್ಧಭೂಮಿಯಲ್ಲಿದ್ದ, ಹಡಗು ಬೇಗ ಬೇಕೆಂದು ಒತ್ತಾಯಿಸುತ್ತಿದ್ದ. ಹಡಗು ಕಟ್ಟಿಸಿದ ಮುಖ್ಯ ಕುಶಲಕರ್ಮಿ ಹಿಂದಿನ ವರ್ಷವೇ ತೀರಿಕೊಂಡಿದ್ದ. ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ವಿಚಾರಣೆ ನಡೆದರೂ ಯಾರಿಗೂ ಶಿಕ್ಷೆಯಾಗಲಿಲ್ಲ. 1961ರಲ್ಲಿ ಮೇಲೆತ್ತಿದ ಆ ಹಡಗನ್ನು ಸ್ಟಾಕ್‌ಹೋಮ್‌ನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ವಾಸಾದ ಮೇಲೆ ಮಾಡಿದ ಪರೀಕ್ಷೆಯ ಸುಧಾರಿತ ರೂಪ ಈಗ ಹಡಗುಕಟ್ಟೆಗಳಲ್ಲಿ ರೂಢಿಯಲ್ಲಿದೆ. ಗೊತ್ತಿರುವ ತೂಕವನ್ನು ಹಡಗಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಗೊತ್ತಿರುವಷ್ಟು ದೂರ ಸರಿಸುವುದು, ಎಷ್ಟು ವಾಲಿತೆಂದು ಅಳೆಯುವುದು. ಆ ಒಂದು ಅಳತೆಯಿಂದ ತೂಕದ ಕೇಂದ್ರ ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕಬಹುದು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮರಳು ತುಂಬಿ ತೂಗಿದ ಹತ್ತಿಪ್ಪತ್ತು ಚೀಲ, ಗಾರೆ ಕೆಲಸದವರ ತೂಗುಗುಂಡು, ಒಂದು ಅಳತೆಪಟ್ಟಿ ಇದ್ದರೆ ಸಣ್ಣ ದೋಣಿಗೆ ಸಾಕು. ದೋಣಿಯೊಳಗೆ ಅಡ್ಡಕಂಬಕ್ಕೆ ಗುಂಡನ್ನು ಇಳಿಬಿಟ್ಟು, ಅದರ ಕೆಳಗೆ ಪಟ್ಟಿಯನ್ನು ಅಡ್ಡಲಾಗಿ ಇಟ್ಟು, ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಚೀಲಗಳನ್ನು ಎಡದಿಂದ ಬಲಕ್ಕೆ ಸರಿಸಿದರೆ ಗುಂಡು ಪಟ್ಟಿಯ ಮೇಲೆ ಎಷ್ಟು ಸೆಂಟಿಮೀಟರ್ ಸರಿಯಿತು ಎಂಬುದು ಕಣ್ಣೆದುರೇ ಕಾಣುತ್ತದೆ. ಇಷ್ಟು ಜನ ಮೇಲಂತಸ್ತಿಗೆ ಹತ್ತಿದರೆ, ಅವರೆಲ್ಲ ಒಂದೇ ಬದಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಒಬ್ಬ ಡಿಪ್ಲೊಮಾ ಎಂಜಿನಿಯರ್ ಅರ್ಧ ದಿನದಲ್ಲಿ ಲೆಕ್ಕ ಹಾಕಿ ಹೇಳಬಲ್ಲ. ಜನರನ್ನು ಕೂರಿಸಿಕೊಂಡು ನೀರಿಗಿಳಿಯುವ ಪ್ರತಿ ದೋಣಿಗೆ, ಅದರಲ್ಲೂ ಹೊಸದಾಗಿ ಅಂತಸ್ತು, ಚಾವಣಿ, ಆಸನ ಸೇರಿಸಿದ ಪ್ರತಿ ದೋಣಿಗೆ ಈ ಪರೀಕ್ಷೆ ಆಗಲೇಬೇಕು.

ಇನ್ನೊಂದು ಬೇಡಿಕೆ ಗೆರೆಯದ್ದು. ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುವ ಯಾವ ಸರಕು ಹಡಗಿನ ನಡುಮೈ ನೋಡಿದರೂ ಒಂದು ವೃತ್ತ, ಅದರ ನಡುವೆ ಹಾದುಹೋಗುವ ಅಡ್ಡಗೆರೆ, ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನಂತೆ ಸಣ್ಣ ಗೆರೆಗಳು ಕಾಣುತ್ತವೆ. ಒಂದೊಂದರ ಬಳಿ ಒಂದೊಂದು ಅಕ್ಷರ. ಎಸ್ ಎಂದರೆ ಬೇಸಿಗೆಯ ಸಮುದ್ರ, ಡಬ್ಲ್ಯೂ ಎಂದರೆ ಚಳಿಗಾಲದ ಸಮುದ್ರ, ಟಿ ಎಂದರೆ ಉಷ್ಣವಲಯದ ಸಮುದ್ರ, ಎಫ್ ಎಂದರೆ ಸಿಹಿನೀರು. ಸಮುದ್ರದ ಒಂದು ಲೀಟರ್ ನೀರು ಸುಮಾರು 1025 ಗ್ರಾಂ ತೂಗುವುದರಿಂದ ಅಲ್ಲಿ ಹಡಗು ತುಸು ಮೇಲೆ ತೇಲುತ್ತದೆ, ನದೀಮುಖಕ್ಕೆ ಬಂದರೆ ಅದೇ ಹೇರಿನಲ್ಲೇ ತುಸು ಇಳಿಯುತ್ತದೆ. ಅದಕ್ಕೇ ಸಿಹಿನೀರಿನ ಗೆರೆ ಸಮುದ್ರದ ಗೆರೆಗಿಂತ ಮೇಲಿದೆ. ಚಳಿಗಾಲದ ಕಡಲು ಒರಟು, ಆಗ ಹಡಗಿನ ಮೈ ನೀರಿನಿಂದ ಹೆಚ್ಚು ಮೇಲಿರಬೇಕು. ಅದಕ್ಕೇ ಆ ಗೆರೆ ಕೆಳಗಿದೆ. ಆಯಾ ಗೆರೆ ನೀರಿನೊಳಗೆ ಹೋಯಿತೆಂದರೆ ಹೇರು ಮಿತಿ ಮೀರಿತು ಎಂದರ್ಥ. ಓದು ಬಾರದ ಹಮಾಲಿಯೂ ದಡದಲ್ಲಿ ನಿಂತು ಹೇಳಬಲ್ಲ.

ಈ ಗೆರೆ ಸುಮ್ಮನೆ ಬಂದದ್ದಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ಹೇರಿ, ವಿಮೆ ಮಾಡಿಸಿ ಕಳಿಸುವ ಮಾಲೀಕರಿದ್ದರು. ಹಡಗು ಮುಳುಗಿದರೆ ಅವರಿಗೆ ವಿಮೆಯ ಹಣ ಬರುತ್ತಿತ್ತು, ನಾವಿಕರ ಹೆಂಡತಿ ಮಕ್ಕಳಿಗೆ ಏನೂ ಇಲ್ಲ. ಜನ ಅವುಗಳನ್ನು ಶವಪೆಟ್ಟಿಗೆ ಹಡಗುಗಳೆಂದೇ ಕರೆದರು. ಡರ್ಬಿ ಕ್ಷೇತ್ರದ ಸಂಸದ, ಕಲ್ಲಿದ್ದಲು ವ್ಯಾಪಾರಿ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ 1873ರಲ್ಲಿ ನಾವಿಕರ ಪರವಾಗಿ ಪುಸ್ತಕ ಬರೆದ. 1875ರಲ್ಲಿ ಸರ್ಕಾರ ಮಸೂದೆಯನ್ನು ಕೈಬಿಟ್ಟಾಗ ಸಂಸತ್ತಿನಲ್ಲಿ ಕೂಗಾಡಿದ. 1876ರಲ್ಲಿ ಗೆರೆ ಕಡ್ಡಾಯವಾಯಿತು, ಆದರೆ ಎಲ್ಲಿ ಎಳೆಯಬೇಕೆಂಬುದನ್ನು ಮಾಲೀಕರ ಮರ್ಜಿಗೇ ಬಿಡಲಾಗಿತ್ತು. ಸರ್ಕಾರವೇ ಗೆರೆಯ ಜಾಗ ಗೊತ್ತುಮಾಡುವ ಕಾನೂನು ಬರಲು 1890 ಆಗಬೇಕಾಯಿತು. 1930ರಲ್ಲಿ ಅದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಕೂಲಿ ನಾವಿಕರ ಜೀವಕ್ಕಾಗಿ ಹುಟ್ಟಿದ ಆ ಗೆರೆ ಜಾತ್ರೆಗೆ ಹೋಗುವ ಭಕ್ತರಿಗೂ, ಪ್ರವಾಸಕ್ಕೆ ಬರುವ ಶಾಲಾ ಮಕ್ಕಳಿಗೂ ಸಲ್ಲಬೇಕಾದದ್ದು.

ಗೆರೆಯೊಂದೇ ಸಾಕು ಎಂದಲ್ಲ. ದಕ್ಷಿಣ ಕೊರಿಯಾದ ಸೆವೊಲ್ ಹಡಗು 2014ರ ಏಪ್ರಿಲ್ 16ರಂದು ಮಗುಚಿದಾಗ 304 ಮಂದಿ ಸತ್ತರು, ಅವರಲ್ಲಿ 250 ಮಂದಿ ಒಂದೇ ಪ್ರೌಢಶಾಲೆಯ ವಿದ್ಯಾರ್ಥಿಗಳು. ಜಪಾನಿನಿಂದ ಹಳೆಯ ಹಡಗನ್ನು ಕೊಂಡು, ಮೇಲೆ ಹೊಸ ಕೋಣೆಗಳನ್ನು ಕಟ್ಟಿದ್ದರು. ಸರಕನ್ನು ಅನುಮತಿಗಿಂತ ಹೆಚ್ಚು ಹೇರಿದ್ದರು. ಹಾಗಿದ್ದೂ ಗೆರೆ ನೀರಿನ ಮೇಲೆಯೇ ಕಾಣುವಂತೆ ಮಾಡಲು, ತಳದ ತೊಟ್ಟಿಗಳಲ್ಲಿ ಸಮತೋಲಕ್ಕೆಂದು ಇರಬೇಕಾದ ನೀರನ್ನೇ ಕಡಿಮೆ ಮಾಡಿದ್ದರು. ತಳದ ಭಾರ ಇಳಿಯಿತು, ಮೇಲಿನ ಭಾರ ಏರಿತು. ಒಂದು ತಿರುವಿನಲ್ಲಿ ಹಡಗು ವಾಲಿದ್ದು ಮತ್ತೆ ಏಳಲಿಲ್ಲ. ಹೇರು ಎಷ್ಟೆಂದು ಹೇಳುವ ಗೆರೆ, ವಾಲುವುದೆಷ್ಟೆಂದು ಹೇಳುವ ಪರೀಕ್ಷೆ, ಎರಡೂ ಬೇಕೆನ್ನುವುದು ಇದಕ್ಕೇ.

ಹಂಪಿ ಆನೆಗೊಂದಿಯ ಹರಿಗೋಲು ಇದನ್ನೆಲ್ಲ ಬೇರೆ ದಾರಿಯಲ್ಲಿ ಸಾಧಿಸಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿ ಹೊಳೆ ದಾಟಲು ಬುಟ್ಟಿಯಂಥ ದುಂಡನೆಯ ದೋಣಿಗಳಿವೆ, ಒಳಗೆ ಬೆತ್ತ, ಹೊರಗೆ ಚರ್ಮ, 15–20 ಜನ ಕೂರಬಹುದು, ಅವು ಸುತ್ತುತ್ತಲೇ ಸಾಗುತ್ತವೆ ಎಂಬರ್ಥದಲ್ಲಿ ಬರೆದಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ, ಆಕಾರ ಬದಲಾಗಿಲ್ಲ. ಅಗಲ ಹೆಚ್ಚು, ಆಳ ಕಡಿಮೆ, ತಳ ಚಪ್ಪಟೆ. ಎಲ್ಲ ದಿಕ್ಕಿಗೂ ಒಂದೇ ಅಗಲವಾದ್ದರಿಂದ ಯಾವ ಬದಿಗೂ ಸುಲಭಕ್ಕೆ ವಾಲುವುದಿಲ್ಲ. ಜನ ತಳದಲ್ಲೇ ಕೂರುವುದರಿಂದ ತೂಕ ತಗ್ಗಿನಲ್ಲೇ ಇರುತ್ತದೆ. ಹುಟ್ಟು ಹಾಕುವವರು ಹತ್ತುವವರನ್ನು ಎದುರುಬದುರಾಗಿ ಅಂಚಿಗೊಬ್ಬೊಬ್ಬರಂತೆ ಕೂರಿಸಿ, "ಕುಂದರ್ರೀ, ಎದ್ದು ನಿಂದರಬ್ಯಾಡ್ರೀ" ಎಂದು ಗದರುವುದರಲ್ಲಿ ಬೂಗೇರನ ಗಣಿತ ಪೂರ್ತಿ ಇದೆ. ಹರಿಗೋಲಿನ ಅಪಾಯ ಬೇರೆ. ಅಂಚು ತಗ್ಗಾದ್ದರಿಂದ ಹೊಳೆ ಏರಿದಾಗ ನೀರು ಒಳಗೆ ಬರುತ್ತದೆ, ಸೆಳವಿಗೆ ಸಿಕ್ಕಿ ಬಂಡೆಗೆ ಬಡಿದರೆ ತಡೆಯುವುದಿಲ್ಲ. ಮಳೆಗಾಲದಲ್ಲಿ ಅದನ್ನು ನಿಲ್ಲಿಸುವುದು ಸರಿ. ಉಳಿದ ಕಾಲದಲ್ಲಿ ಆ ಗದರಿಕೆಯನ್ನು ಪ್ರವಾಸಿಗರು ಅವಮಾನವೆಂದುಕೊಳ್ಳದೆ ಪಾಲಿಸಿದರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ.

ಕಾನೂನು ಇಲ್ಲವೆಂದೇನಲ್ಲ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ಜಲಯಾನಗಳ ಹೊಸ ಕಾಯ್ದೆ ಬಂದಿದೆ. ಎಂಜಿನ್ ಇರುವ ದೋಣಿಗೆ ಸರ್ವೆ, ನೋಂದಣಿ ಬೇಕು. ಆದರೆ ದಡದಲ್ಲಿ ಟಿಕೆಟ್ ಕೊಳ್ಳುವ ಕುಟುಂಬಕ್ಕೆ ಕಡತದೊಳಗಿನ ಪ್ರಮಾಣಪತ್ರ ಕಾಣುವುದಿಲ್ಲ. ಕಾಣಬೇಕಾದದ್ದು ದೋಣಿಯ ಎರಡೂ ಮಗ್ಗುಲಿಗೆ ಗೇಣಗಲದ ಹಳದಿ ಪಟ್ಟೆ, ಅದರ ಪಕ್ಕ ಕನ್ನಡ ಅಂಕಿಯಲ್ಲಿ ಕೂರಬಹುದಾದವರ ಸಂಖ್ಯೆ, ಮೇಲಂತಸ್ತಿದ್ದರೆ ಅಲ್ಲಿಗೆ ಎಷ್ಟು ಜನ ಎಂಬ ಬೇರೆ ಸಂಖ್ಯೆ. ಪಟ್ಟೆ ಮುಳುಗಿದ್ದರೆ ದೋಣಿ ಬಿಡುವಂತಿಲ್ಲ ಎಂಬ ಫಲಕ ಟಿಕೆಟ್ ಕಟ್ಟೆಯ ಮೇಲಿರಬೇಕು. ಒಂದು ಡಬ್ಬಿ ಬಣ್ಣದ ಖರ್ಚು ಇದು. ದೋಣಿಯಿಂದಲೇ ಹೊಟ್ಟೆ ಹೊರೆಯುವವರ ಮೇಲೆ ಅದನ್ನೂ ಹೇರಬಾರದು. ಪರೀಕ್ಷೆ, ಬಣ್ಣ ಎರಡರ ವೆಚ್ಚವನ್ನೂ ಪರವಾನಗಿ ಶುಲ್ಕ ಪಡೆಯುವ ಕಚೇರಿಯೇ ಭರಿಸಲಿ. ಜಾತ್ರೆಯ ದಿನ ನೂಕುನುಗ್ಗಲಿನಲ್ಲಿ ಯಾರನ್ನು ಇಳಿಸುವುದು ಎಂದು ದೋಣಿಯವನು ಜನರೊಂದಿಗೆ ಜಗಳಕ್ಕೆ ನಿಲ್ಲಬೇಕಾದಾಗ ಆ ಪಟ್ಟೆ ಅವನ ಪರವಾಗಿಯೂ ಮಾತಾಡುತ್ತದೆ.

ಜೀವರಕ್ಷಕ ಜಾಕೆಟ್ಟಿನ ಮಾತೂ ಇಲ್ಲಿ ಸೇರುತ್ತದೆ. ಮನುಷ್ಯನ ಮೈ ನೀರಿಗೆ ಹೆಚ್ಚುಕಡಿಮೆ ಸಮ. ಎದೆ ತುಂಬ ಉಸಿರೆಳೆದರೆ ಬಹುತೇಕರು ತೇಲುತ್ತಾರೆ, ಉಸಿರು ಬಿಟ್ಟರೆ ಇಳಿಯುತ್ತಾರೆ. ಮುಳುಗುವ ಗಾಬರಿಯಲ್ಲಿ ಎಲ್ಲರೂ ಮಾಡುವುದು ಕೈ ಮೇಲೆತ್ತುವುದನ್ನು. ಎರಡು ಕೈಗಳ ತೂಕ ಮೈತೂಕದ ಹತ್ತನೇ ಒಂದು ಪಾಲಿನಷ್ಟು. 60 ಕಿಲೋದವರಿಗೆ ಸುಮಾರು 6 ಕಿಲೋ. ನೀರಿನೊಳಗಿದ್ದಾಗ ಆ ತೂಕವನ್ನು ನೀರು ಹೊರುತ್ತದೆ, ಮೇಲೆತ್ತಿದೊಡನೆ ಅದು ಮೈಮೇಲೆ ಬೀಳುತ್ತದೆ, ಮೂಗು ಬಾಯಿ ಕೆಳಗಿಳಿಯುತ್ತವೆ. ಕೈಗಳನ್ನು ನೀರೊಳಗೇ ಚಾಚಿ, ತಲೆ ಹಿಂದಕ್ಕೆ ಹಾಕಿ, ಮುಖವನ್ನಷ್ಟೇ ಮೇಲಿಟ್ಟು ಅಂಗಾತ ಒರಗಿದರೆ ಈಜು ಬಾರದವರಿಗೂ ಕೆಲವು ನಿಮಿಷ ಸಿಗುತ್ತವೆ. ಜಾಕೆಟ್ ಮಾಡುವುದು ತೂಕ ಸೇರಿಸದೆ ಗಾತ್ರ ಸೇರಿಸುವ ಕೆಲಸ, ಹಿಂದಿನವರು ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಬೆಂಡನ್ನೋ ಒಣ ಸೋರೆಬುರುಡೆಯನ್ನೋ ಕಟ್ಟುತ್ತಿದ್ದುದೂ ಅದಕ್ಕೇ. ಆದರೆ ಪಟ್ಟಿ ಬಿಗಿಯದೆ ಹೆಗಲಿಗೆ ಹಾಕಿಕೊಂಡ ಜಾಕೆಟ್ ನೀರಿಗೆ ಬಿದ್ದೊಡನೆ ತಾನು ಮೇಲೆ ಬಂದು ಮನುಷ್ಯನನ್ನು ಕೆಳಗೆ ಬಿಡುತ್ತದೆ. ಸುತ್ತ ಗಾಜು ಹಾಕಿ ಮುಚ್ಚಿದ ಕೆಳಕೋಣೆಯ ದೋಣಿ ಮಗುಚಿದರೆ ಜಾಕೆಟ್ಟೇ ಒಳಗಿದ್ದವರನ್ನು ಹೊರಬರಲು ಬಿಡದೆ ಒತ್ತಿ ಹಿಡಿಯಬಹುದು. ಹಾಗಾಗಿ ಮಗುಚದ ದೋಣಿಯೇ ಮೊದಲ ರಕ್ಷಣೆ, ಜಾಕೆಟ್ ಎರಡನೆಯದು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಇವರಲ್ಲಿ ದೋಣಿ ಹತ್ತಿದವರು ಕೆಲವರೇ. ಉಳಿದವರು ಕೆರೆ, ನದಿ, ಬಾವಿ, ನಾಲೆಗೆ ಇಳಿದವರು, ಜಾರಿ ಬಿದ್ದವರು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ರಾಜ್ಯದ ಒಣಭೂಮಿಯ ಹೊಲಗಳಲ್ಲಿ ಕೃಷಿ ಹೊಂಡಗಳು ಬಂದವು, ಬೆಳೆಗೆ ಆಸರೆಯಾದವು. ಅವುಗಳ ಇಳಿಜಾರು ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲದು, ಬಿದ್ದವರನ್ನು ಎಳೆಯಲು ಇಳಿದವರೂ ಮೇಲೆ ಬರಲಾರರು. ಅಣ್ಣನ ಹಿಂದೆ ತಮ್ಮ, ಮಕ್ಕಳ ಹಿಂದೆ ತಾಯಿ ಹೋದ ಸುದ್ದಿಗಳು ಪ್ರತಿ ಬೇಸಿಗೆಯಲ್ಲೂ ಬರುತ್ತವೆ.

ಅಲ್ಲಿಗೂ ಇದೇ ವಿಜ್ಞಾನ ಒದಗುತ್ತದೆ. ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನು ಹತ್ತೊಂಬತ್ತು ಕಿಲೋದಷ್ಟು ಭಾರವನ್ನು ನೀರಿನ ಮೇಲೆ ಹಿಡಿದಿಡಬಲ್ಲದು. ತಲೆಯ ತೂಕ ನಾಲ್ಕೈದು ಕಿಲೋ. ಮೈ ನೀರಿನಲ್ಲೇ ಇದ್ದು ತಲೆಯಷ್ಟೇ ಮೇಲಿರಲು ಬೇಕಾದ ಆಸರೆಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಕ್ಯಾನನ್ನು ತಬ್ಬಿಕೊಂಡು ಇಬ್ಬರು ಮಕ್ಕಳು ಸಹಾಯ ಬರುವವರೆಗೆ ತಡೆಯಬಹುದು. ಹೊಂಡಕ್ಕೆ ಸಹಾಯಧನ ಕೊಡುವಾಗ ಬೇಲಿಯ ಜೊತೆಗೆ ಹಗ್ಗ ಕಟ್ಟಿದ ಎರಡು ಕ್ಯಾನು, ಹಾಳೆಯ ಮೇಲೆ ಇಳಿಬಿಟ್ಟ ಗಂಟುಗಂಟಿನ ಹಗ್ಗದೇಣಿ ಇರಲೇಬೇಕೆಂದು ಕೃಷಿ ಇಲಾಖೆ ಷರತ್ತು ಹಾಕಲಿ, ಬಿಲ್ಲು ಪಾಸಾಗುವ ಮುನ್ನ ಅವು ಇವೆಯೇ ಎಂದು ನೋಡಲಿ. ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು ಪ್ಲವನದ ಪಾಠದ ದಿನ ಮಕ್ಕಳನ್ನು ಆ ಹೊಂಡದ ಬೇಲಿಯ ಬಳಿಗೇ ಕರೆದೊಯ್ದು, ಕ್ಯಾನನ್ನು ನೀರಿಗೆಸೆದು ಎಳೆಯುವುದನ್ನು ಒಬ್ಬೊಬ್ಬರಿಂದಲೂ ಮಾಡಿಸಲಿ.